ಹೊಗೆಯೋ ಮಂಜೋ

ಅಪ್ಪಯ್ಯನಿಗೆ ಸನ್ಮಾನ ಮಾಡುತ್ತೇವೆ ಅಂತ ಅವರ ಹಳೇ ಶಿಷ್ಯ ಗಣೇಶಮೂರ್ತಿ ಬಂದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಅಭಿನಂದನೆಯ ಮಾತಿಗೆ ನರಸಿಂಹರಾಜಪುರದ ಸೋಮಶೇಖರಪ್ಪ ಮೇಷ್ಟ್ರನ್ನು ಕರೆದಿದ್ದೇವೆ ಅಂದಾಗ ಮಾತ್ರ ಮೈಯೆಲ್ಲ ಉರಿಯಿತು.

ಅಪ್ಪಯ್ಯ ಅಂದರೆ ಶೃಂಗೇರಿಯಲ್ಲಿ ತರ್ಕಶಾಸ್ತ್ರದ ಪಾಠ ಹೇಳಿದ ಅನಂತಕೃಷ್ಣ ಶಾಸ್ತ್ರಿಗಳು. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ದೇವರನ್ನೂ ಪರೀಕ್ಷೆ ಮಾಡದೆ ಪಾಸು ಮಾಡದ ಆಸಾಮಿ. ನಾನು ಲಂಗ ತೊಡುತ್ತಿದ್ದ ಕಾಲದಿಂದಲೂ ಬಸ್ಸು ಹತ್ತಿ ಬಂದು, ಜಗಲಿಯಲ್ಲಿ ಕೂತು, ಕತ್ತಲಾಗುವ ತನಕ ವಾದ ಮಾಡಿ ಹೋಗುತ್ತಿದ್ದರು. ಅವರು ಬಾರದ ತಿಂಗಳು ಅಪ್ಪಯ್ಯನಿಗೆ ಊಟ ಸೇರುತ್ತಿರಲಿಲ್ಲ. "ಒಪ್ಪೋರು ಊರು ತುಂಬ ಇದ್ದಾರೆ ಕೂಸೆ, ಒಪ್ಪೋದಿಲ್ಲ ಅನ್ನೋಕೆ ಇಷ್ಟು ದೂರ ಯಾರು ಬತ್ತಾರೆ?" ಅನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಯಾರ ಮಾತನ್ನಾದರೂ ಅಲ್ಲಗಳೆಯುವ ಮೊದಲು ಆ ಮಾತನ್ನು ನಾವೇ ಹೇಳಿ ತೋರಿಸಬೇಕು. ಎದುರಿನವರು "ಹೌದು, ಇದೇ ನನ್ನ ಮಾತು" ಅನ್ನಬೇಕು. ಆಮೇಲೆ ಬೇಕಾದಷ್ಟು ಜಗಳ ಆಡಬಹುದು. ಸಿನಿಮಾಕ್ಕೆ ಹೋಗಬೇಕು ಅಂತ ಹಟ ಹಿಡಿದರೆ, ಯಾಕೆ ಹೋಗಬಾರದು ಅಂತ ಮೊದಲು ಅಮ್ಮನ ಪರವಾಗಿ ವಾದಿಸಬೇಕು. ಅಷ್ಟರಲ್ಲಿ ಅರ್ಧ ಸಿನಿಮಾ ಮುಗಿದಿರುತ್ತಿತ್ತು.

೨೦೦೬ರ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಕೊಪ್ಪದ ನನ್ನ ಮನೆಗೇ ಕರೆದುಕೊಂಡು ಬಂದೆ. ಬುದ್ಧಿ ಚುರುಕಾಗಿಯೇ ಇತ್ತು, ನಾಲಿಗೆ ಕೈಕೊಟ್ಟಿತ್ತು. ಒಂದು ಪದ ಹೊರಡಿಸಲು ಅವರು ಪಡುವ ಪಾಡು ನೋಡಲಾರದೆ, ಬಾಯಿ ತೆರೆದರೆ ಸಾಕು, "ಹೌದು ಅಪ್ಪಯ್ಯ, ಹೌದು" ಅಂದುಬಿಡುತ್ತಿದ್ದೆವು. ಬರಬರುತ್ತಾ ಅವರು ಬಾಯಿ ತೆರೆಯುವುದನ್ನೇ ಬಿಟ್ಟರು. "ಮಾತಾಡಿಸ್ತಾ ಇರಿ, ಇಲ್ಲದಿದ್ರೆ ಇದ್ದ ಮಾತೂ ಹೋಗ್ತದೆ" ಎಂದು ಡಾಕ್ಟರು ಎಚ್ಚರಿಸಿದ್ದರು. ನನಗೆ ಅದೇ ಭಯ. ಸನ್ಮಾನಕ್ಕೆ ಒಪ್ಪಿದ್ದೂ ಹತ್ತು ಜನರನ್ನು ನೋಡಿಯಾದರೂ ಎರಡು ಮಾತಾಡಲಿ ಅನ್ನುವ ಆಸೆಯಿಂದ.

ಮೇಷ್ಟ್ರಿಗೆ ಫೋನ್ ಮಾಡಿ ಖಡಾಖಂಡಿತವಾಗಿ ಹೇಳಿದೆ. "ವಾದಗೀದ ಬೇಡ ಮೇಷ್ಟ್ರೇ. ಹೊಗಳಿ ಮುಗಿಸಿಬಿಡಿ. ಅವರ ಕೈಲಿ ಉತ್ತರ ಕೊಡೋಕಾಗೋದಿಲ್ಲ."

"ಹೊಗಳೋದು ನಂಗೆ ಅಭ್ಯಾಸ ಇಲ್ಲ ಗಂಗಾ, ನೋಡೋಣ" ಅಂದರು.

ಸಭೆಯಲ್ಲಿ ಅಪ್ಪಯ್ಯನಿಗೆ ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟರು. ಗಾಲಿಕುರ್ಚಿಯಲ್ಲಿ ಕೂತವರನ್ನು ಒಬ್ಬರು "ನಡೆದಾಡುವ ವಿಶ್ವಕೋಶ" ಎಂದರು. ಅಪ್ಪಯ್ಯ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಮೇಷ್ಟ್ರು ಎದ್ದರು.

"ಗುಡ್ಡದ ಮೇಲೆ ಹೊಗೆ ಕಂಡ್ರೆ ಅಲ್ಲಿ ಬೆಂಕಿ ಇದೆ, ಇದು ತರ್ಕದೋರ ಮಾತು. ಕಿಗ್ಗದ ಗುಡ್ಡದ ಮೇಲೆ ಬೆಳಗ್ಗೆ ಕಾಣೋ ಮಂಜನ್ನ ಹೊಗೆ ಅಂದ್ಕೊಂಡ್ರೆ ಏನು ಗತಿ ಅಂತ ನಾನು ಕೇಳಿದ್ದೆ. ಅದಕ್ಕೆ ಶಾಸ್ತ್ರಿಗಳು ಏನಂದ್ರು ಗೊತ್ತಾ? ಮಂಜೂ ಒಂದು ಥರದ ಹೊಗೆಯೇ, ಅದರ ಅಡಿಯಲ್ಲೂ ಎಲ್ಲೋ ಬೆಂಕಿ ಇದ್ದೇ ಇರ್ತದೆ ಅಂದ್ರು. ಎಂಥ ಮಹಾ ಉತ್ತರ!"

ಸಭೆ ಚಪ್ಪಾಳೆ ತಟ್ಟಿತು. ನಾನು ಕೂತಲ್ಲೇ ಕುದಿದೆ. ಅಪ್ಪಯ್ಯ ಅಂಥ ಪೆದ್ದು ಮಾತನ್ನು ಜನ್ಮದಲ್ಲಿ ಆಡಿದವರಲ್ಲ. ಇಷ್ಟು ವರ್ಷ ಜಗಳವಾಡಿದ ಮೇಷ್ಟ್ರು ಒಮ್ಮೆಯೂ ಅವರ ಮಾತನ್ನು ತಿರುಚಿದವರಲ್ಲ. ಈಗ, ಬಾಯಿ ಬಿದ್ದುಹೋದವರ ಬಾಯಿಗೆ ಇಲ್ಲದ ಮಾತು ತುರುಕುವುದೇ? ಅವರ ಗ್ರಹಚಾರ ಬಿಡಿಸಬೇಕೆಂದು ಎದ್ದೆ.

"ಅ... ಅಲ್ಲ."

ಅಪ್ಪಯ್ಯ! ಗಣೇಶಮೂರ್ತಿ ಬಗ್ಗಿ "ಹೌದು ಗುರುಗಳೇ, ಹೌದು" ಎಂದು ಸಮಾಧಾನಕ್ಕೆ ಬಂದ. ಅಪ್ಪಯ್ಯ ಸರಿಯಿದ್ದ ಕೈಯಿಂದ ಅವನನ್ನು ತಳ್ಳಿದರು. ಬುಟ್ಟಿ ಉರುಳಿ ಮೂಸಂಬಿಗಳೆಲ್ಲ ವೇದಿಕೆ ತುಂಬ ಓಡಿದವು.

"ತಪ್ಪು... ಕ... ಕಣ್ಣಿಂದು." ಬಹಳ ಹೊತ್ತು ತಡಕಾಡಿದರು. "ತ... ತರ್ಕದ್ದಲ್ಲ."

ಮೇಷ್ಟ್ರು ಮೈಕು ಬಿಟ್ಟು ಬಂದು, ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತರು. "ಮಂಜನ್ನ ಹೊಗೆ ಅಂತ ನೋಡಿದ್ದು ಕಣ್ಣಿನ ತಪ್ಪು, ತರ್ಕದ ತಪ್ಪಲ್ಲ. ಇದೇ ತಾನೇ ನಿಮ್ಮ ಮಾತು?"

ಅಪ್ಪಯ್ಯ ತಲೆಯಾಡಿಸಿದರು.

"ನಾನು ಒಪ್ಪೋದಿಲ್ಲ. ಕಣ್ಣನ್ನೇ ನಂಬೋಕಾಗದಿದ್ರೆ ನಿಮ್ಮ ತರ್ಕ ಕಟ್ಕೊಂಡು ನಾನು ಎಂತ ಮಾಡ್ಲಿ ಮಾರಾಯ್ರೆ?"

ಅಪ್ಪಯ್ಯನ ಕಣ್ಣು ಅರಳಿತು. ಮೇಷ್ಟ್ರು ಬೇಕೆಂದೇ ತಪ್ಪು ಹೇಳಿದ್ದು ಅಂತ ನನಗೆ ಆಗ ಹೊಳೆಯಿತು. ಅವರ ಮೇಲಿನ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು, ಅಳುವೂ ಬಂತು. ಅತ್ತ ಊಟಕ್ಕೆ ಎಲೆ ಹಾಕಿದರು. ವಂದನಾರ್ಪಣೆಗೂ ಕಾಯದೆ ಸಭೆ ಖಾಲಿಯಾಯಿತು. ಇಬ್ಬರು ಮುದುಕರೂ ಕದಲಲಿಲ್ಲ. ಒಂದು ವಾಕ್ಯಕ್ಕೆ ಅಪ್ಪಯ್ಯ ಎಷ್ಟು ಹೊತ್ತು ತೆಗೆದುಕೊಂಡರೂ ಮೇಷ್ಟ್ರು ನಡುವೆ ಬಾಯಿ ಹಾಕಲಿಲ್ಲ, ಪೂರ್ತಿ ಮಾಡಿಕೊಡಲೂ ಹೋಗಲಿಲ್ಲ. ಸೆರಗಿನಿಂದ ಅಪ್ಪಯ್ಯನ ಗಲ್ಲ ಒರೆಸಿ ನಾನೂ ಪಕ್ಕದಲ್ಲಿ ಕೂತೆ.

"ಇಬ್ಬರೂ ಮಂಜನ್ನ ಹೊಗೆ ಅಂದ್ಕೊಳ್ಳೋರ ವಿಷಯವನ್ನೇ ಹೇಳ್ತಿದ್ದೀರಿ. ಹೌದು ತಾನೇ ಅಪ್ಪಯ್ಯ?"

ತಲೆಯಾಡಿಸಿದರು.

"ಅದು ದೊಡ್ಡ ತಪ್ಪು ಅಂತ ನಾನು ಒಪ್ಪೋದಿಲ್ಲ. ಹೊಗೆಯನ್ನೇ ಮಂಜು ಅಂದ್ಕೊಂಡು, ಬೆಂಕಿ ಇಲ್ಲ ಅಂತ ಕೂತೋರದ್ದು ಅದಕ್ಕಿಂತ ದೊಡ್ಡ ತಪ್ಪು."

ಅಪ್ಪಯ್ಯ ನನ್ನ ಕಡೆ ಪೂರ್ತಿ ತಿರುಗಿದರು. ಅರ್ಧ ಬಾಯಲ್ಲಿ ನಕ್ಕರು.

"ಯಾಕೆ?" ಎಂದು ಕೇಳಿದರು, ಒಂದು ಚೂರೂ ತೊದಲದೆ.