ಗೊಣಗುವ ಕೈಗಳು

ಎಲ್ಲವೂ ಒಂದೇ ಬೆಟ್ಟ, ಒಂದೇ ನೀಲಿ ಕೆರೆ ತೋರಿಸುತ್ತಾ ಸಾಲಾಗಿ ಕೂತಿವೆ, ಇವುಗಳಲ್ಲಿ ಯಾವ ಲ್ಯಾಪ್‌ಟಾಪ್ ಆರಿಸಲಿ, ಅಂಗಡಿಯವನ ಬಾಯಿಗಂತೂ ಬಿಡುವಿಲ್ಲ — ಮೇಡಂ, ಇದ್ರ ಸೌಂಡ್ ಕೇಳಿ, ಸಿನಿಮಾ ಹಾಲಲ್ಲಿ ಕೂತಂಗಿರುತ್ತೆ — ಪಾಪ, ಅವನಿಗೇನು ಗೊತ್ತು, ಮನೆಯವರು ಬರೆದುಕೊಟ್ಟ ಚೀಟಿ ನನ್ನ ಮುಷ್ಟಿಯಲ್ಲಿ ಬೆವರಿ ಮೆತ್ತಗಾಗಿದೆ, ಹದಿನಾರು ಜಿಬಿ, ಹಗುರ ಇರಲಿ, ಎಂಟು ಗಂಟೆ ಬ್ಯಾಟರಿ, ಎಲ್ಲ ಸರಿಯೇ, ಬೆಳಗಿನಿಂದ ಡಾಕ್ಟರು ರೆಕಾರ್ಡ್ ಮಾಡಿ ಕಳಿಸಿದ ದನಿ ಕೇಳಿ ಕೇಳಿ ಎಕ್ಸ್‌ರೇ ವರದಿ ಟೈಪ್ ಮಾಡುವವಳಿಗೆ ಇಷ್ಟು ಬೇಕೇ ಬೇಕು, ಆ ಡಾಕ್ಟರೋ ಬಿಸ್ಕತ್ತು ಅಗಿಯುತ್ತಲೇ ಯಾರದೋ ಪಕ್ಕೆಲುಬು ಎಣಿಸುತ್ತಾರೆ, ಆದರೆ ಕಿವಿಯ ಕೆಲಸ ಮೂರಕ್ಕೆ ಮುಗಿಯುತ್ತದೆ, ಆಮೇಲೆ ಕಣ್ಣಿನದು, ನಾಲ್ಕಕ್ಕೆ ಪರದೆಯ ಮೇಲೆ ಅಕ್ಕ, ಹುಟ್ಟಿನಿಂದ ಕಿವಿ ಕೇಳದ ನನ್ನ ಅಕ್ಕ, ನಮ್ಮಿಬ್ಬರ ಮಾತು, ಜಗಳ, ಚಾಡಿ ಎಲ್ಲ ಕೈಯಲ್ಲೇ, ಚಿಕ್ಕವರಿದ್ದಾಗ ಅಮ್ಮ ದೀಪ ಆರಿಸಿದರೆ ಮಾತ್ರ ನಮ್ಮ ಹರಟೆ ನಿಲ್ಲುತ್ತಿತ್ತು, ಅದೂ ಸುಳ್ಳು, ಕತ್ತಲಲ್ಲಿ ಒಬ್ಬರ ಅಂಗೈಯಲ್ಲಿ ಒಬ್ಬರು ಬರೆದು ಕಿಸಕ್ಕನೆ ನಗುತ್ತಿದ್ದೆವು.

ಅವಳು ಬೇರೆ ಊರಿನ ಶಾಲೆಗೆ ಪಾಠ ಹೇಳಲು ಹೋಗಿ ಎಂಟು ತಿಂಗಳಾಯಿತು, ಹಳೆಯ ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ನನ್ನ ಕೈಯ ವೇಗ ದಕ್ಕುವುದಿಲ್ಲ, ಅವಳ ಕಣ್ಣಿಗೆ ನನ್ನ ಬೆರಳೆಲ್ಲ ಕಲಸಿದ ಹಿಟ್ಟು, ಗೊಣಗಬೇಡ ಕಣೇ, ಬಿಡಿಸಿ ಹೇಳು ಅನ್ನುತ್ತಾಳೆ — ನಾನು, ಗೊಣಗುವುದು! — ನಿಧಾನ ಮಾಡಿದರೆ ಜೋಕು ಅರ್ಧ ದಾರಿಯಲ್ಲೇ ಸಾಯುತ್ತದೆ, ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಅವಳ ಹೆಸರಿಗಾಗಿ, ಆಗ ನಾಲ್ಕು ವರ್ಷದವಳು ನಾನು, ಕಪಾಟಿನ ಬಾಗಿಲು ರಪ್ಪನೆ ತೆಗೆದೆ, ಅವಳ ಎಡಹುಬ್ಬು ಸೀಳಿತು, ಮೂರು ಹೊಲಿಗೆ, ನಾನು ಅಳುತ್ತಾ ನನ್ನ ಹುಬ್ಬನ್ನೇ ಕಿರುಬೆರಳಿನಿಂದ ಸವರಿಕೊಳ್ಳುತ್ತಿದ್ದೆನಂತೆ, ಅದೇ ನಮ್ಮ ಕೈಮಾತಿನಲ್ಲಿ ಅವಳ ಹೆಸರಾಯಿತು, ಮನೆಮಂದಿಗೆಲ್ಲ, ಈಗ ಶಾಲೆಯ ಮಕ್ಕಳಿಗೂ, ಕಿರುಬೆರಳು ಹುಬ್ಬಿನ ಮೇಲೆ ಸರ್ರನೆ, ಹಳೆಯ ಲ್ಯಾಪ್‌ಟಾಪಿನಲ್ಲಿ ಅದು ನೊಣ ಓಡಿಸಿದಂತೆ ಕಾಣುತ್ತದಂತೆ, ಹೆಸರಿಟ್ಟವಳು ನಾನು, ನಾನು ಕರೆದದ್ದೇ ಅವಳಿಗೆ ತಲುಪುವುದಿಲ್ಲವೆಂದರೆ ಏನು ಬಂತು, ಇವತ್ತು ತಲುಪಿಸದೆ ಈ ಅಂಗಡಿಯಿಂದ ಕದಲುವವಳಲ್ಲ ನಾನು.

ಮೊದಲನೆಯದರಿಂದ ಅಕ್ಕನಿಗೆ ವಿಡಿಯೋ ಕರೆ ಮಾಡಿದೆ, ಎರಡೂ ಕೈ ಪೂರ್ತಿ ಕಾಣಲೆಂದು ಮೂರು ಹೆಜ್ಜೆ ಹಿಂದಕ್ಕೆ, ಬೆನ್ನಿಗೆ ಯಾವುದೋ ಪ್ರಿಂಟರು ತಗುಲಿತು, ಗೊಣಗ್ತಿದ್ದೀಯ ಅಂದಳು, ಎರಡನೆಯದು — ಗೊಣಗ್ತಿದ್ದೀಯ, ಮುಖಾನೂ ಹಳದಿ, ಕಾಮಾಲೆಯೇನೇ? — ನನ್ನ ಕೈ ಬೀಸಾಟ ಕಂಡು ಅಂಗಡಿಯವನು ತನ್ನನ್ನೇ ಕರೆದೆನೆಂದು ಎರಡು ಸಲ ಓಡಿ ಬಂದ, ಹೇಳಿ ಮೇಡಂ, ಏನಿಲ್ಲಪ್ಪ, ನಿನ್ನನ್ನಲ್ಲ, ಇನ್ನು ಮೂರನೆಯದು, ಚೀಟಿಯಲ್ಲಿ ಹೆಸರೇ ಇಲ್ಲದ್ದು, ಒಂದಿಷ್ಟು ಭಾರವೂ ಹೌದು, ಅಕ್ಕ ಕಣ್ಣು ಕಿರಿದು ಮಾಡಿದಳು, ಮುಂದಕ್ಕೆ ಬಾಗಿದಳು, ಆಮೇಲೆ ಅವಳ ಕೈ ಮೊದಲಿನಂತೆ ಪಟಪಟ — ನಿನ್ ಹಿಂದೆ ನಿಂತಿರೋನ ಅಂಗಿ ನೋಡೇ, ಗುಂಡಿ ಒಂದು ತೂತು ತಪ್ಪಿ ಹಾಕ್ಕೊಂಡಿದ್ದಾನೆ — ನನಗೆ ನಗು ತಡೆಯಲಾಗಲಿಲ್ಲ, ಏನಂದ್ರು ಮೇಡಂ ಅವ್ರು? ಹಿಂದಿನಿಂದ ಅಂಗಡಿಯವನು, ಸೌಂಡ್ ತುಂಬಾ ಚೆನ್ನಾಗಿದೆಯಂತೆ ಅಂದುಬಿಟ್ಟೆ, ಅವನ ಮುಖ ಊರಗಲ ಆಯಿತು, ನಾನ್ ಹೇಳ್ಲಿಲ್ವಾ ಮೇಡಂ! ಅಯ್ಯೋ, ಎಷ್ಟು ಖುಷಿ ಇವತ್ತು, ನಕ್ಕು ನಕ್ಕು ಕಣ್ಣಲ್ಲಿ ನೀರು, ಅದೇ ನಗುವಿನಲ್ಲಿ ಕಿರುಬೆರಳೆತ್ತಿ ಹುಬ್ಬು ಸವರಿದೆ, ನಿಧಾನವಾಗಿ ಅಲ್ಲ, ನನ್ನ ವೇಗದಲ್ಲೇ, ಸರ್ರನೆ — ಅಕ್ಕನ ಕೈಗಳು ಗಾಳಿಯಲ್ಲೇ ನಿಂತವು, ಇನ್ನೊಂದ್ಸಲ ಅನ್ನು ಅಂದಳು, ಅಂದೆ, ಇನ್ನೊಂದ್ಸಲ, ಅಂದೆ, ಮೇಡಂ ಇದನ್ನೇ ಬಿಲ್ ಮಾಡ್ಲಾ, ಮಾಡಪ್ಪ, ಮಾಡು, ಅವಳ ಬೆರಳು ಮೆಲ್ಲಗೆ ತನ್ನ ಎಡಹುಬ್ಬಿಗೆ ಹೋಗುತ್ತಿದೆ, ಆ ಮೂರು ಹೊಲಿಗೆಯ ಗೆರೆಗೆ, ಹೌದು ಕಣೇ ನಾನೇ ಅನ್ನುವಂತೆ, ಅವಳ ಬೆರಳು, ಅವಳ ಹುಬ್ಬು, ಬೆರಳು —