ಅತ್ತೆಯ ಹೊಟ್ಟೆ ಕೊಟ್ಟ ತೀರ್ಪು

ಕಾರು ವಿಮರ್ಶಕನ ಮನೆ ಮುಂದೆ ನಿಲ್ಲುತ್ತಿದ್ದದ್ದು ಒಂದು ಮುದಿ ಸ್ಕೂಟರ್. ಬರೆಯುವುದು ಮಾತ್ರ ಐಷಾರಾಮಿ ಕಾರುಗಳ ಬಗ್ಗೆ. ಯಾವುದರ ಎಂಜಿನ್‌ಗೆ ಎಷ್ಟು ದಮ್ಮಿದೆ, ಯಾವುದರ ಸರ್ವಿಸ್ ಖರ್ಚಿಗೆ ಮನೆ ಮಾರಬೇಕಾಗುತ್ತದೆ ಎಂದೆಲ್ಲ ಸ್ವಂತ ಗ್ಯಾರೇಜಿನಲ್ಲಿ ನಾಲ್ಕು ನಿಲ್ಲಿಸಿಕೊಂಡವನ ಗತ್ತಿನಲ್ಲಿ ಬರೆಯುತ್ತಿದ್ದ.

ಈ ಸಲ ಸಂಪಾದಕರು ಗುಡುಗಿದರು. “ನೂರರ ಸ್ಪೀಡ್ ಮುಟ್ಟೋಕೆ ಎಷ್ಟು ಸೆಕೆಂಡು ಅಂತ ಕಂಪನಿಯವರೇ ಬಿಟ್ಟಿಯಾಗಿ ಹೇಳ್ತಾರೆ, ಅದಕ್ಕೆ ನೀನ್ಯಾಕೆ? ಮೂರು ಮಧ್ಯಮ ಗಾತ್ರದ ಕಾರು ಪರೀಕ್ಷೆಗೆ ಬರ್ತಿವೆ. ಯಾರೂ ಬರೀದೇ ಇರೋದು ಬರಿ. ಇಲ್ದಿದ್ರೆ ನಿನ್ನ ಅಂಕಣದ ಜಾಗಕ್ಕೆ ಪದಬಂಧ ಹಾಕ್ತೀನಿ.”

ಮುಖ ಇಳಿಬಿಟ್ಟುಕೊಂಡು ಮನೆಗೆ ಬಂದವನ ಕಣ್ಣಿಗೆ ಬಿದ್ದದ್ದು ಅತ್ತೆ. ಅವರಿಗೆ ವಾಹನ ಎಂದರೆ ವಾಂತಿ. ಮಗಳ ಮನೆ ಸೇರಿದ ಮೇಲೆ ಅವರು ಹೊಸ್ತಿಲು ದಾಟಿದ್ದೇ ಅಪರೂಪ. ವಿಮರ್ಶಕನಿಗೆ ಥಟ್ಟನೆ ಹೊಳೆಯಿತು. ಇಷ್ಟು ಸೂಕ್ಷ್ಮವಾದ ಯಂತ್ರ ಯಾವ ಪ್ರಯೋಗಾಲಯದಲ್ಲಿದೆ?

“ಅತ್ತೆ, ಸಂಜೆ ಕಾರಲ್ಲಿ ಒಂದು ಸುತ್ತು ಹೋಗಿ ಬರೋಣ್ವಾ?”

“ನಾನೂನಾ?” ಎಂದ ಅತ್ತೆ, ಎತ್ತಿಟ್ಟಿದ್ದ ಒಳ್ಳೆಯ ಬಟ್ಟೆ ತೆಗೆದು ಉಟ್ಟುಕೊಂಡು ಬಂದರು.

“ಏನ್ರೀ, ಅಮ್ಮನ ಮೇಲೆ ಇದ್ದಕ್ಕಿದ್ದ ಹಾಗೆ ಇಷ್ಟು ಪ್ರೀತಿ?” ಹೆಂಡತಿ ಕಣ್ಣು ಕಿರಿದು ಮಾಡಿದಳು.

“ಇರಬಾರದಾ?” ಎಂದ ಪುಣ್ಯಾತ್ಮ.

ಕರಿ ಕಾರು ಮೂರರಲ್ಲೂ ದುಬಾರಿ, ಎಂಜಿನ್ ರಾಕ್ಷಸ. ಎರಡನೇ ತಿರುವಿಗೇ ಅತ್ತೆ ತೀರ್ಪು ಕೊಟ್ಟರು, ತೊಗಲಿನ ಸೀಟಿನ ಮೇಲೆ. ಮಾರನೆಯ ದಿನದ ಬಿಳಿ ಕಾರು ಪೆಟ್ರೋಲ್ ಕಡಿಮೆ ಕುಡಿಯುತ್ತಿತ್ತು, ಬ್ರೇಕ್ ಮಾತ್ರ ಮುಂಗೋಪಿ. ಸೇತುವೆ ದಾಟುತ್ತಲೇ ಅದರದೂ ಕತೆ ಮುಗಿಯಿತು. ಎರಡೂ ಸಲ ಅವನೇ ಬಕೆಟ್ ಹಿಡಿದು, ಒಳಗೊಳಗೇ ಕುಣಿಯುತ್ತ ಸೀಟು ತೊಳೆದ. ಅತ್ತೆ ಪಕ್ಕದಲ್ಲಿ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು.

ನೀಲಿ ಕಾರು ಎಲ್ಲಕ್ಕಿಂತ ಅಗ್ಗ, ಓಟದಲ್ಲಿ ಸೋಮಾರಿ. ಅದರಲ್ಲಿ ಗುಡ್ಡ ಹತ್ತಿಸಿ ಇಳಿಸಿದರೂ ಅತ್ತೆ ತುಟಿಪಿಟಕ್ಕೆನ್ನಲಿಲ್ಲ. ಕನ್ನಡಿಯಲ್ಲಿ ನೋಡಿದರೆ, ಬಾಯಿ ಬಿಗಿಹಿಡಿದು ನಗುತ್ತ ನೆಟ್ಟಗೆ ಕೂತಿದ್ದಾರೆ!

ನೀಲಿಯೇ ಗೆದ್ದಿತು. ‘ಒಬ್ಬ ಸೂಕ್ಷ್ಮ ಪ್ರಯಾಣಿಕರ’ ಹೊಟ್ಟೆಯನ್ನು ಸಾಕ್ಷಿಗೆ ಕರೆದ ಲೇಖನ ಓದಿ ಸಂಪಾದಕರು ಬೆನ್ನು ತಟ್ಟಿದರು. ಅಂಕಣ ಉಳಿಯಿತು. ಆದರೆ ಅವನು ಬಚ್ಚಿಟ್ಟ ಪತ್ರಿಕೆ ಹೆಂಡತಿಯ ಕೈಗೆ ಸಿಕ್ಕಿ, ಅವಳು ಬೇಕೆಂದೇ ಮಧ್ಯಾಹ್ನದ ಊಟದ ಹೊತ್ತಿಗೆ ಅದನ್ನು ಗಟ್ಟಿಯಾಗಿ ಓದಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಅಯ್ಯೋ ಅಳಿಯಂದ್ರೇ, ನೀಲಿ ಕಾರಾ ಗೆದ್ದಿದ್ದು?” ಅತ್ತೆ ಬೆರಗಾದರು. “ಅದರಷ್ಟು ಓಲಾಡೋದು ಇನ್ನೊಂದಿಲ್ಲ. ಬಾಯಿ ತನಕ ಬಂದಿದ್ದನ್ನ ದಾರಿಯುದ್ದಕ್ಕೂ ನುಂಗಿಕೊಂಡು ಕೂತಿದ್ದೆ.”

“ಹೇಳೋದಲ್ವಾ ಅತ್ತೆ!”

“ಹೇಗೆ ಹೇಳ್ಲಿ? ಎರಡು ಸಲ ಪಾಪ ನೀವೇ ತೊಳೆದ್ರಿ. ಮತ್ತೂ ಹಾಗೇ ಆದ್ರೆ ಇನ್ಮೇಲೆ ನನ್ನ ಎಲ್ಲಿಗೂ ಕರ್ಕೊಂಡು ಹೋಗಲ್ವೇನೋ ಅನ್ಕೊಂಡೆ.”

ಇಷ್ಟು ನಾಚಿಕೆ ಅವನಿಗೆ ಹಿಂದೆಂದೂ ಆಗಿರಲಿಲ್ಲ. ತೀರ್ಪು ತಪ್ಪೆಂದು ನಾಳೆಯೇ ಬರೆದುಕೊಡಬೇಕು. ಪದಬಂಧ ಬಂದರೆ ಬರಲಿ.

“ಮುಂದಿನ ಸಲ ಯಾವ ಕಾರು?” ಅತ್ತೆ ಮೆಲ್ಲಗೆ ಕೇಳಿದರು.

“ಕಾರು ಬೇಡ ಅತ್ತೆ. ಸಂಜೆ ಕೆರೆ ತನಕ ನಡ್ಕೊಂಡು ಹೋಗೋಣ.”

ಊಟ ಅರ್ಧಕ್ಕೇ ಬಿಟ್ಟು ಅತ್ತೆ ಒಳ್ಳೆಯ ಬಟ್ಟೆ ತೆಗೆಯಲು ಎದ್ದರು.