ಸೊಣ್ಣಮ್ಮ ಬೇಡವೆಂದ ಕೈ

ಹಾವೇರಿ ಕಡೆಯ ಭಾಗ್ಯಶ್ರೀ ಸಹಕಾರನಗರದ ಸಣ್ಣದೊಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದಳು. ಡಾಕ್ಟರ್ ಶಿಲ್ಪ ವಾರಕ್ಕೊಮ್ಮೆ ರೋಗಿಯನ್ನು ನೋಡಿ ವ್ಯಾಯಾಮ ಹೇಳಿಹೋಗುತ್ತಿದ್ದರು. ದಿನವೂ ಮನೆಗೆ ಹೋಗಿ ಅದನ್ನು ಮಾಡಿಸುವುದು ಇವಳ ಪಾಲು. 2014ರ ಬೇಸಿಗೆಯಲ್ಲಿ ಅವಳಿಗೆ ಕೊಡಿಗೇಹಳ್ಳಿಯ ರಾಮಕೃಷ್ಣಪ್ಪನ ಮನೆ ಸಿಕ್ಕಿತು. ಲಕ್ವ ಹೊಡೆದು ಅವನ ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು.

ಮೊದಲ ವಾರವೇ ಅವನ ಹೆಂಡತಿ ಸೊಣ್ಣಮ್ಮ ಗೇಟಿನವರೆಗೆ ಹಿಂದೆ ಬಂದಳು.

"ಕಾಲು ಬಂದ್ರೆ ಸಾಕು ಕಣಮ್ಮ. ಬಚ್ಚಲಿಗೆ ಎತ್ಕೊಂಡೋಗಿ ಓಗಿ ನನ್ ಸೊಂಟ ಬಿದ್ದೋಗದೆ. ಕೈ ಇಂಗೇ ಇರ್ಲಿ ಬುಡು."

"ಹಂಗ್ಯಾಕ ಅಂತೀರಿ ಅಮ್ಮಾರ? ಕೈನೂ ಬರ್ತೈತಿ, ಹೆದರಬ್ಯಾಡ್ರಿ," ಎಂದಳು ಭಾಗ್ಯಶ್ರೀ. ಮುದುಕಿ ದಣಿದು ಏನೋ ಅಂದಳು ಎಂದುಕೊಂಡಳು.

ಒಂದು ದಿನ ಕಾಫಿ ಆರಿದೆಯೆಂದು ರಾಮಕೃಷ್ಣಪ್ಪ ಎಡಗೈಯಿಂದಲೇ ಲೋಟ ಬೀಸಿದ. ಗುರಿ ತಪ್ಪಿ ಅದು ಗೋಡೆಗೆ ಬಡಿಯಿತು. ಸೊಣ್ಣಮ್ಮ ಬೆಚ್ಚಲೂ ಇಲ್ಲ; ಬಗ್ಗಿ ನೆಲ ಒರೆಸಿದಳು. ಅವಳ ಹುಬ್ಬಿನ ಮೇಲೆ, ಕಿವಿಯ ಹಿಂದೆ ಇದ್ದ ಹಳೆಯ ಗಾಯದ ಕಲೆಗಳು ಭಾಗ್ಯಶ್ರೀಯ ಕಣ್ಣಿಗೆ ಬಿದ್ದದ್ದು ಆಗಲೇ.

ಅಂದು ಸಂಜೆ ಭಾಗ್ಯಶ್ರೀ ಇದನ್ನು ಡಾಕ್ಟರ್ ಶಿಲ್ಪ ಅವರಿಗೆ ಹೇಳಿದಳು. ಅವರು ನಿಟ್ಟುಸಿರಿಟ್ಟರು. "ಪಾಪ ಕಣೇ. ಆದ್ರೆ ನಾವು ಪೇಷಂಟ್ ನೋಡ್ಬೇಕು, ಅವ್ರ ಸಂಸಾರ ಅಲ್ಲ. ಕೈ ಹಂಗೇ ಬಿಟ್ರೆ ಬೆರಳು ಮುದುಡ್ಕೊಂಡು ಜೀವನಪೂರ್ತಿ ನೋವು. ಬಿಡಕ್ಕಾಗುತ್ತಾ?"

ಬಿಡಲಾಗಲಿಲ್ಲ. ಮಡಚಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಒದ್ದೆ ಬಟ್ಟೆ ಹಿಂಡಿಸಿದಳು, ತಟ್ಟೆಯಿಂದ ಅವರೆಕಾಳು ಹೆಕ್ಕಿಸಿದಳು. ಹೆಬ್ಬೆರಳು ಮೊದಲ ಸಲ ಅಲುಗಿದಾಗ ರಾಮಕೃಷ್ಣಪ್ಪ ಮಗುವಿನಂತೆ ಅತ್ತ. ಅವಳ ಕಣ್ಣೂ ತುಂಬಿತು. ಆ ಸಂತೋಷಕ್ಕಾಗಿ ಆಮೇಲೆ ಅವಳು ತನ್ನನ್ನೇ ಬೈದುಕೊಂಡಳು.

ದಸರಾ ಹೊತ್ತಿಗೆ ಅವನು ಲೋಟ ಎತ್ತಿ ನೀರು ಕುಡಿದ. ಮೇಲಿನ ಮನೆಯಲ್ಲಿದ್ದ ಮಗ ಶಿವರಾಮ್ ಅದನ್ನು ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದ. ಮುಂದಿನ ಸೋಮವಾರ ಭಾಗ್ಯಶ್ರೀ ಹೋದಾಗ ಸೊಣ್ಣಮ್ಮನ ತುಟಿ ಊದಿತ್ತು.

"ಏನಾತ್ರಿ ಅಮ್ಮಾರ?"

"ಬಾಗಿಲು ತಗುಲ್ತು."

ಭಾಗ್ಯಶ್ರೀ ಮಂಚದ ಬಳಿ ಹೋಗಿ ನೇರವಾಗಿ ಕೇಳಿದಳು: "ಹೊಡೆಯಾಕ ಏನ್ರಿ ಈ ಕೈ ಎಬ್ಬಿಸಿದ್ದು ನಾನು?"

"ನನ್ ಕೈ, ನನ್ ಎಂಡ್ತಿ," ಎಂದ ರಾಮಕೃಷ್ಣಪ್ಪ. ಮಾತು ಇನ್ನೂ ತೊದಲುತ್ತಿತ್ತು. "ಕೇಳಕ್ಕೆ ನೀನ್ಯಾವಳು?"

ಶಿವರಾಮ್ ಕ್ಲಿನಿಕ್ಕಿಗೆ ದೂರು ಕೊಟ್ಟ: ಮನೆಯ ವಿಷಯದಲ್ಲಿ ತಲೆ ಹಾಕುತ್ತಾಳೆ, ಅಪ್ಪನಿಗೆ ಎದುರು ಮಾತಾಡುತ್ತಾಳೆ. ನಡೆದದ್ದೇನೆಂದು ಶಿಲ್ಪ ಫೋನಿನಲ್ಲಿ ಸೊಣ್ಣಮ್ಮನನ್ನೇ ಕೇಳಿದರು. ಏನೂ ಇಲ್ಲವೆಂದಳು. ಅಂದಿನಿಂದ ಭಾಗ್ಯಶ್ರೀಯನ್ನು ಯಾರ ಮನೆಗೂ ಕಳಿಸಲಿಲ್ಲ. ಕ್ಲಿನಿಕ್ಕಿನಲ್ಲೇ ಮಂಡಿನೋವಿನವರಿಗೆ ಬಿಸಿ ಶಾಖ ಕೊಡುತ್ತ ಉಳಿದಳು.

ಸಂಕ್ರಾಂತಿಗೆ ಮುಂಚೆ ಕೊಡಿಗೇಹಳ್ಳಿ ಗೇಟಿನ ಬಳಿ ಕಬ್ಬು ಕೊಳ್ಳುತ್ತಿದ್ದ ಸೊಣ್ಣಮ್ಮ ಎದುರಾದಳು. ಭಾಗ್ಯಶ್ರೀ ತಲೆ ತಗ್ಗಿಸಿದಳು. "ನಂದು ತಪ್ಪಾತ್ರಿ ಅಮ್ಮಾರ."

"ತಪ್ಪೇನು ಬಂತು, ನಿನ್ ಕೆಲ್ಸ ನೀನು ಮಾಡ್ದೆ," ಎಂದಳು ಸೊಣ್ಣಮ್ಮ. ಕಬ್ಬನ್ನು ಕಂಕುಳಿಗೆ ಸೇರಿಸಿಕೊಂಡು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. "ನೀನು ಬತ್ತಿದ್ದಾಗ ಆ ಒಂದು ಗಂಟೆ ಅಡುಗೆಮನೇಲಿ ಒರಗ್ಕೊಂತಿದ್ದೆ. ಈಗ ಅದೂ ಇಲ್ಲ ಕಣಮ್ಮ."